ಜಿಯೋಫೋನ್ ರೆಸ್ಪಾನ್ಸ್: 10 ಹರ್ಟ್ಝ್‌ಗೆ ಸರಿ, 1 ಹರ್ಟ್ಝ್‌ಗೆ ತಪ್ಪು. ಯಾಕ್ರಿ?

ವಿಜಯಪುರ_ಕಂಪನ:
ನಮಸ್ಕಾರ್ರಿ ಎಲ್ಲಾರಿಗೂ. 2021-22ರಾಗ ನಮ್ಮ ಜಿಲ್ಲಾದಾಗ ಮ್ಯಾಲಿಂದ ಮ್ಯಾಲೆ ಭೂಮಿ ನಡುಗಿದ್ದು ನೋಡಿ ಮನಿಯಾಗ ಜಿಯೋಫೋನ್ (ನೆಲದ ಕಂಪನ ಹಿಡಿಯೂ ಸೆನ್ಸರ್, ಸ್ವಾಭಾವಿಕ ಆವರ್ತನ 4.5 ಹರ್ಟ್ಝ್) ಕುಂದರಿಸೀನಿ. ಸೆಕೆಂಡಿಗೆ 100 ಸ್ಯಾಂಪಲ್. ಗೆಳೆಯಾನ ಸೆನ್ಸರ್ ತಂದು ಅದೇ ಹಾಸುಗಲ್ಲಿನ ಮ್ಯಾಲೆ ಬಾಜೂಕ ಇಟ್ಟೆ. ಭೂಕಂಪ ದತ್ತಾಂಶದ ಪೈಥಾನ್ ತಂತ್ರಾಂಶ ಆಬ್ಸ್‌ಪೈದಾಗ ರೆಸ್ಪಾನ್ಸ್ (ಯಾವ ಆವರ್ತನಕ್ಕ ಸೆನ್ಸರ್ ಎಷ್ಟು ಸ್ಪಂದಿಸತೈತಿ ಅನ್ನೂದು) ಭಾಗಿಸಿ ತೆಗೆದು ನೋಡಿದ್ರ 10 ಹರ್ಟ್ಝ್ ಸುತ್ತ ಎರಡೂ ಒಂದೇ ಅದಾವ. ದೂರದ ಭೂಕಂಪದ 1 ಹರ್ಟ್ಝ್ ಅಲಿ ಮಾತ್ರ ನಂದರಾಗ 18 ಪಟ್ಟು ಸಣ್ಣದು. ಸೆನ್ಸರ್ ಕೆಟ್ಟೈತೇನ್ರಿ? ರೆಸ್ಪಾನ್ಸ್ ವಿವರ ಇರೂ ಸ್ಟೇಶನ್‌ಎಕ್ಸ್‌ಎಂಎಲ್ ಫೈಲ್ ಸೆನ್ಸರ್ ಮಾರಿದವರು ಕೊಟ್ಟದ್ದು.

ಬೆಳಗಾವಿ_ತರಂಗ:
ಸೆನ್ಸರ್ ಬಿಚ್ಚಬ್ಯಾಡ್ರಿ. ಸೆನ್ಸಿಟಿವಿಟಿ ತಪ್ಪಿದ್ರ ಎಲ್ಲಾ ಆವರ್ತನಕ್ಕೂ ಒಂದೇ ಪಟ್ಟು ತಪ್ಪತಿತ್ತು. ಕೆಳಗಷ್ಟೇ ತಪ್ಪೇತಿ ಅಂದ್ರ ಪೋಲುಗಳನ್ನ (ರೆಸ್ಪಾನ್ಸ್ ಗೆರಿ ಯಾವ ಆವರ್ತನದಾಗ ಬಾಗತೈತಿ ಅಂತ ಹೇಳೂ ಅಂಕಿ) ನೋಡಬೇಕು. ಆ ಫೈಲನ್ನ ಇನ್ವೆಂಟರಿಯಾಗಿ ಓದಿಸಿ ರೆಸ್ಪಾನ್ಸ್ ಪ್ಲಾಟ್ ಮಾಡ್ರಿ. ಗೆರಿ ಎಲ್ಲಿ ಬಾಗೇತಿ? ಪೋಲ್ ಅಂಕಿ, ಯುನಿಟ್ ಎರಡೂ ಹಾಕ್ರಿ.

ವಿಜಯಪುರ_ಕಂಪನ:
0.7 ಹರ್ಟ್ಝ್ ಹತ್ರ ಬಾಗೇತ್ರಿ. ಪೋಲಿನ ನೈಜ ಭಾಗ −3.18, ಕಾಲ್ಪನಿಕ ಭಾಗ ±3.18. ಯುನಿಟ್ ಲಾಪ್ಲಾಸ್, ರೇಡಿಯನ್ಸ್ ಪರ್ ಸೆಕೆಂಡ್.

ಬೆಳಗಾವಿ_ತರಂಗ:
ಸಿಕ್ತು ನೋಡ್ರಿ. ಅಂಕಿ ಹರ್ಟ್ಝ್‌ದ್ದು, ಯುನಿಟ್ ರೇಡಿಯನ್ನಿಂದು. 4.5ನ್ನ 2π ದಿಂದ ಭಾಗಿಸ್ರಿ, 0.72 ಬರತೈತಿ, ನಿಮ್ಮ ಗೆರಿ ಬಾಗಿದ್ದೂ ಅಲ್ಲೇ. ಡ್ಯಾಂಪಿಂಗ್ (ಒಳಗಿನ ತೂಕದ ಅಲುಗಾಟ ಎಷ್ಟು ಬೇಗ ತಣಿಯತೈತಿ ಅನ್ನೂ ಅಂಕಿ) 0.707 ಅಂತ ಹಿಡಿದ್ರ ರೇಡಿಯನ್ನಾಗ −19.99 ± 19.99 ಇರಬೇಕು. ಝೀರೋ (ರೆಸ್ಪಾನ್ಸ್ ಸೊನ್ನೆ ಆಗೂ ಬಿಂದು) ಎರಡು, ಅದು ನೆಲದ ವೇಗದ ಲೆಕ್ಕ. ಮುಂದ ಎಂದಾದರೂ ಸ್ಯಾಕ್ (ಇನ್ನೊಂದು ಭೂಕಂಪ ತಂತ್ರಾಂಶ) ಫೈಲಿನಾಗ ಮೂರು ಝೀರೋ ಕಂಡ್ರ ಒಂದನ್ನ ಅಳಿಸಬ್ಯಾಡ್ರಿ, ಅದು ಸ್ಥಾನಪಲ್ಲಟಕ್ಕ ಬರೆದದ್ದು.

ಬಾಗಲಕೋಟೆ_ಗಣಿಸದ್ದು:
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಆ 0.707ನ್ನೂ ಹಂಗೇ ನಂಬಬ್ಯಾಡ್ರಿ. ಕಾಯಿಲ್‌ಗೆ ಸಮಾಂತರ ಹಚ್ಚಿದ ಶಂಟ್ ರೆಸಿಸ್ಟರ್ ಬದಲಾದ್ರ ಡ್ಯಾಂಪಿಂಗ್ ಬದಲಾಗತೈತಿ, ಔಟ್‌ಪುಟ್ ವೋಲ್ಟೇಜೂ ಬದಲಾಗತೈತಿ. ರೆಕಾರ್ಡಿಂಗ್ ನಡದಾಗ 1.5 ವೋಲ್ಟ್ ಸೆಲ್‌ನ್ನ 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಕಾಯಿಲ್‌ಗೆ ಹಚ್ಚಿ, ಒಂದೆರಡು ಸೆಕೆಂಡ್ ತಡೆದು ಪಟ್ನೆ ಬಿಡಿಸ್ರಿ. ತೂಕ ತನ್ನ ಜಾಗಕ್ಕ ಮರಳೂ ಮುಂದ ಒಂದು ದೊಡ್ಡ ಏರು, ಅದರ ಬೆನ್ನಿಗೆ ಒಂದು ಸಣ್ಣ ಇಳಿತ ಬೀಳತಾವ. ಇಳಿತ ಏರಿನ 4.3% ಇದ್ರ ಡ್ಯಾಂಪಿಂಗ್ 0.707, 9.5% ಇದ್ರ 0.6, 16% ದಾಟಿದ್ರ 0.5. ಮನ್ಯಾಗ ಯಾರೂ ಅಡ್ಡಾಡದ ಹೊತ್ತಿನ್ಯಾಗ, ರಾತ್ರಿ ಮಾಡ್ರಿ. ನಾಕೈದು ಸಲ ಮಾಡಿ ಸರಾಸರಿ ತಗೊಂಡ್ರ ಇನ್ನೂ ಚಲೋ.

ವಿಜಯಪುರ_ಕಂಪನ:
ಮಾಡಿದೆ ರೀ. 9.5% ಸುತ್ತ ಬಂತು. ಪೋಲ್ −16.96 ± 22.62 ಅಂತ ಬರೆದೆ. 1 ಹರ್ಟ್ಝ್ ಈಗ ಗೆಳೆಯಾನ ಸೆನ್ಸರ್ ಜೋಡಿ ಕೂಡತೈತಿ! ಆದ್ರ ರೆಕಾರ್ಡ್ ತುಂಬ ಉದ್ದುದ್ದ ನಿಧಾನದ ಅಲಿ ಎದ್ದಾವ, ಸಣ್ಣ ಕಂಪನ ಅದರಾಗ ಮುಳುಗೇತಿ.

ಬೆಳಗಾವಿ_ತರಂಗ:
ಅದು ಬರೂದೇ. 0.1 ಹರ್ಟ್ಝ್‌ಗೆ ಈ ಕಾಯಿಲ್ ಕೊಡೂದು ಎರಡು ಸಾವಿರದಾಗ ಒಂದು ಪಾಲು. ತಿರುಗಿ ಭಾಗಿಸಿದಾಗ ಎಲೆಕ್ಟ್ರಾನಿಕ್ಸಿನ ಗದ್ದಲವೂ ಅಷ್ಟೇ ಹಿಗ್ಗತೈತಿ. ಆಬ್ಸ್‌ಪೈ ತಾನಾಗೇ ಇಡೂ 60 ಡೆಸಿಬಲ್ ವಾಟರ್ ಲೆವೆಲ್ (ಹಿಗ್ಗೂದಕ್ಕ ಹಾಕೂ ಮಿತಿ) ಇದ್ರೂ ಸಾವಿರ ಪಟ್ಟಿನ ತನಕ ಬಿಟ್ಟುಕೊಡತೈತಿ. ಭಾಗಿಸೂ ಮೊದಲು ಆವರ್ತನ ಸೋಸೂ ಪ್ರಿ-ಫಿಲ್ಟ್‌ಗೆ 0.3, 0.5, 40, 45 ಹರ್ಟ್ಝ್ ಕೊಡ್ರಿ. ಸ್ಥಳೀಯ ಸಣ್ಣ ಕಂಪನದ ಶಕ್ತಿ ಬಹುಪಾಲು 1 ಹರ್ಟ್ಝ್ ಮ್ಯಾಲೇ ಇರತೈತಿ, ನಿಮಗ ಏನೂ ನಷ್ಟ ಇಲ್ಲ.

ಬಾಗಲಕೋಟೆ_ಗಣಿಸದ್ದು:
ಅದೇ ಅಂಕಿ ಸೈಸಾನ್ ಅನ್ನೂ ಭೂಕಂಪ ವಿಶ್ಲೇಷಣೆ ತಂತ್ರಾಂಶದ ರೆಸ್ಪ್ ಪ್ರೋಗ್ರಾಮಿಗೂ ಕೊಟ್ಟು ನೋಡ್ರಿ. ಅದು ಸ್ವಾಭಾವಿಕ ಅವಧಿ ಕೇಳತೈತಿ, ಆವರ್ತನ ಅಲ್ಲ, 0.222 ಸೆಕೆಂಡ್ ಅಂತ ಹಾಕ್ರಿ. ಎರಡೂ ಗೆರಿ ಒಂದರ ಮ್ಯಾಲೊಂದು ಕೂತ್ರ ಫೈಲ್ ಸರಿ. ಆಮ್ಯಾಲೆ ಹೊಸ ಫೈಲಿನಾಗ ಶುರುವಿನ ದಿನಾಂಕ ಬರೆದು ಹಳೇ ಫೈಲನ್ನೂ ಜೋಪಾನ ಇಡ್ರಿ. ಹಳೇ ಮ್ಯಾಗ್ನಿಟ್ಯೂಡ್ ಲೆಕ್ಕ ಮತ್ತ ಮಾಡೂವಾಗ ಬೇಕಾಗತೈತಿ.

ವಿಜಯಪುರ_ಕಂಪನ:
ಪ್ರಿ-ಫಿಲ್ಟ್ ಹಾಕಿದೆ, ಪಿ ಮತ್ತು ಎಸ್ ಅಲಿ ಎರಡೂ ಚೊಕ್ಕ ಕಾಣಾಕತ್ತಾವ. ಸೈಸಾನ್ ಗೆರಿ ನಾಳೆ ಹಾಕ್ತೀನ್ರಿ.