ಮಗು ಮೂರು ಭಾಷೆ ಬೆರೆಸಿ ಮಾತಾಡಿದರೆ ತೊಂದರೆಯಾ?

ಪ್ರಶ್ನೆ (ಕುಂಬಳೆಯ ಒಬ್ಬ ತಾಯಿ):
ನಮಸ್ತೆ ಮೇಡಂ. ಮಗಳಿಗೆ 2 ವರ್ಷ 4 ತಿಂಗಳು. ಅವಳ ಹತ್ರ ನಾನು ತುಳು ಮಾತಾಡುದು, ಗಂಡ, ಅತ್ತೆ ಎಲ್ಲ ಕನ್ನಡ. ಹಗಲು ನೋಡಿಕೊಳ್ಳುವ ಪಕ್ಕದ ಮನೆ ಚೇಚಿಯದ್ದು (ಅಕ್ಕನದ್ದು) ಮಲಯಾಳ. ಬಾಯಾರಿದರೆ "ವೆಳ್ಳ ಬೋಡು" ಅಂತಾಳೆ, ನೀರಿಗೆ ಮಲಯಾಳದ "ವೆಳ್ಳ", ಬೇಕು ಅನ್ನುದಕ್ಕೆ ತುಳುವಿನ "ಬೋಡು"! ಒಂದೇ ಭಾಷೆ ಸಾಕು ಅಂತಾರೆ ಅತ್ತೆ. ಯಾವುದನ್ನು ಬಿಡುದು?

ಉತ್ತರ (ಸ್ಪೀಚ್ ಥೆರಪಿಸ್ಟ್):
ಯಾವುದನ್ನೂ ಬಿಡಬೇಡಿ. ಎರಡು ಶಬ್ದ ಸೇರಿಸಿ ತನಗೆ ಬೇಕಾದ್ದನ್ನು ಕೇಳಿದ್ದಾಳೆ, ಆ ಪ್ರಾಯಕ್ಕೆ ಅದೇ ಆಗಬೇಕಾದ್ದು. ಭಾಷೆ ಬೆರೆಸುವುದು ದೋಷವಲ್ಲ, ನಾವು ದೊಡ್ಡವರು ಕಾಸರಗೋಡು ಪೇಟೆಯಲ್ಲಿ ಮಾಡುವುದೂ ಅದನ್ನೇ. ಎರಡು ವರ್ಷದ ಹೊತ್ತಿಗೆ ಸುಮಾರು 50 ಶಬ್ದ ಬರಬೇಕು ಅಂತ ಹೇಳ್ತೇವಲ್ಲ, ಅದು ಎಲ್ಲ ಭಾಷೆಯದ್ದೂ ಸೇರಿಸಿ.

ನಾನು ಹೆಚ್ಚು ನೋಡುವ ತೊಂದರೆ ಬೇರೆ. ಮನೆಗೆ ಬಂದವರೆಲ್ಲ ಮಗುವಿಗೆ ಪರೀಕ್ಷೆ ಇಡುವುದು: "ಇದೆಂತ? ಅದೆಂತ? ಹೇಳು, ಹೇಳು". ಮಗು ಬಾಯಿ ಮುಚ್ಚಿ ಕೂರ್ತದೆ. ಅದರ ಬದಲು ಅವಳು ನೋಡುತ್ತಿರುವುದರ ಬಗ್ಗೆಯೇ ಮಾತೆತ್ತಿ. ಅವಳು ತುಳುವಿನಲ್ಲಿ "ಪುಚ್ಚೆ" (ಬೆಕ್ಕು) ಅಂದರೆ, ನೀವು "ಅಂದ್, ಪುಚ್ಚೆ ತೋಟೊಗು ಪೋಂಡು" (ಹೌದು, ಬೆಕ್ಕು ತೋಟಕ್ಕೆ ಹೋಯಿತು) ಅನ್ನಿ. ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಕ್ಕಳಿಗೆ ಉತ್ತರ ಜೋಡಿಸಲು ಅಷ್ಟು ಹೊತ್ತು ಬೇಕು, ನಮಗೆ ತಾಳ್ಮೆ ಇರುವುದಿಲ್ಲ. ತಪ್ಪು ಹೇಳಿದರೆ "ಹಾಗಲ್ಲ" ಅನ್ನಬೇಡಿ, ಸರಿಯಾದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಮುಂದೆ ಹೋಗಿ.

ಮೊಬೈಲ್ ತೋರಿಸಿ ಊಟ ಮಾಡಿಸುವುದು ಬೇಡ. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಕೂಡದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಹಿಂದಿನಿಂದ ಹೆಸರು ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ ಅಂತಾದರೆ ಮಾತ್ರ ಕಾಯಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಇನ್ನೊಂದು ಪ್ರಶ್ನೆ (ಬದಿಯಡ್ಕ ಕಡೆಯ ಅಂಗನವಾಡಿ ಟೀಚರ್):
ನಮ್ಮಲ್ಲಿ ಇಪ್ಪತ್ತು ಮಕ್ಕಳು ಮೇಡಂ. ಒಬ್ಬೊಬ್ಬರ ಹತ್ರ ಕೂತು ಮಾತಾಡ್ಲಿಕ್ಕೆ ಪುರುಸೊತ್ತೆಲ್ಲಿ?

ಉತ್ತರ:
ಬೇರೆ ಪುರುಸೊತ್ತು ಬೇಡ ಟೀಚರೇ. ಕೈ ತೊಳೆಸುವಾಗ, ಬಡಿಸುವಾಗ ಮಾತಾಡಿದರೆ ಸಾಕು. "ಬೇಗ ತಿನ್ನಿ, ಗಲಾಟೆ ಮಾಡ್ಬೇಡಿ" ಅನ್ನುವುದೂ ಮಾತೇ, ಆದರೆ ಅದಕ್ಕೆ ಮಗುವಿನಿಂದ ಉತ್ತರ ಬರುವುದಿಲ್ಲ. "ಉಪ್ಪಿಟ್ಟು ಬೇಕಾ?" ಅಂದರೆ "ಹೂಂ" ಅಲ್ಲಿಗೆ ಮುಗಿಯಿತು. "ಇವತ್ತು ಉಪ್ಪಿಟ್ಟಿಗೆ ಎಂತೆಲ್ಲ ಹಾಕಿದ್ದೇವೆ, ನೋಡಿ" ಅನ್ನಿ. ಒಬ್ಬ ಕ್ಯಾರೆಟ್ ಅಂತಾನೆ, ಇನ್ನೊಬ್ಬಳು ನನಗೆ ಸಾಸಿವೆ ಬೇಡ ಅಂತಾಳೆ. ಮಾತೇ ಆಡದ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ. ಬಡಿಸುವಾಗ ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮನೆಯ ಭಾಷೆಯಲ್ಲಿ ಒಂದು ಮಾತು ಕೇಳಿ. ತಲೆಯಾಡಿಸಿದರೂ ಅದನ್ನು ಉತ್ತರ ಅಂತಲೇ ತಗೊಳ್ಳಿ.