ಐದನೇ ಕ್ಲಾಸಿಗೆ ಕೋನ ಹೇಗೆ ಹೇಳಿಕೊಡ್ತೀರಿ?

ಶಿಕ್ಷಕಿ, ಬನಶಂಕರಿ:
ಬೋರ್ಡ್ ಮೇಲೆ ಎರಡು ಕೋನ ಬರೆದೆ, ಎರಡೂ 40 ಡಿಗ್ರಿ. ಒಂದರ ಗೆರೆ ಉದ್ದ, ಇನ್ನೊಂದರದ್ದು ಗಿಡ್ಡ. ಯಾವುದು ದೊಡ್ಡದು ಅಂದ್ರೆ ಇಡೀ ಕ್ಲಾಸು ಉದ್ದ ಗೆರೇದೇ ಅಂತು! ಕೋನಮಾಪಕ ಕೊಟ್ಟರೆ 40 ಇರೋ ಕಡೆ 140 ಓದ್ತಾರೆ. ನಿಮ್ಮ ಅನುಭವ ಹೇಳಿ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ:
ಕೋನಮಾಪಕ ಸದ್ಯಕ್ಕೆ ಬೀರುವಿನಲ್ಲೇ ಇರಲಿ ಮೇಡಂ. ಮಕ್ಕಳನ್ನ ಅಂಗಳಕ್ಕೆ ಕರ್ಕೊಂಡು ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ದಕ್ಷಿಣಕ್ಕೆ ತಿರುಗಿದರೆ ಕಾಲು ಸುತ್ತು, ಪಶ್ಚಿಮಕ್ಕೆ ಅರ್ಧ ಸುತ್ತು. ಕೋನ ಅಂದ್ರೆ ಎಷ್ಟು ತಿರುಗಿದೆವು ಅನ್ನೋದು. ಅದು ಮೈಗೆ ಹತ್ತಿದ ಮೇಲೆ 90, 180 ಅಂತ ಹೆಸರು ಕೊಟ್ಟರೆ ಸಾಕು.

ಒಬ್ಬ ತಾಯಿ, ಆರ್.ಆರ್. ನಗರ:
ನನ್ನ ಮಗನಿಗೂ ಇದೇ ಗೊಂದಲ ಇತ್ತು. ಯುಗಾದಿ ದಿನ ದೊಡ್ಡದೊಂದು, ಪುಟ್ಟದೊಂದು ಒಬ್ಬಟ್ಟು ತಟ್ಟಿ ಎರಡನ್ನೂ ಎಂಟೆಂಟು ತುಂಡು ಮಾಡಿದೆ. ಚಿಕ್ಕ ತುಂಡನ್ನ ದೊಡ್ಡದರ ಮೇಲೆ, ಮೊನೆಗೆ ಮೊನೆ ಸೇರಿಸಿ ಇಟ್ಟು ನೋಡು ಅಂದೆ. ಸರಿಯಾಗಿ ಕೂತಿತು. 360ನ್ನ 8ರಿಂದ ಭಾಗಿಸಿ 45 ಅಂತ ಅವನೇ ಹೇಳಿದ. "ಕೋನ ಒಂದೇ, ಆದ್ರೂ ನಂಗೆ ದೊಡ್ಡದೇ ಬೇಕು" ಅಂದ. ತಪ್ಪೇನಿಲ್ಲ.

ಶಿಕ್ಷಕ, ಯಲಹಂಕ:
ಮೇಷ್ಟ್ರ ಮಾತು ಅರ್ಧ ಒಪ್ತೀನಿ. ಅಂಗಳದಲ್ಲಿ ಚೆನ್ನಾಗಿ ತಿರುಗಿದ ಮಕ್ಕಳೇ ಪುಸ್ತಕದ ತ್ರಿಭುಜದಲ್ಲಿ ಕೋನ ಎಲ್ಲಿದೆ ಅಂದ್ರೆ ಪಿಳಿಪಿಳಿ ನೋಡ್ತಾರೆ. ನಾನು ಹಳೇ ಪೇಪರ್ ಹರಿದು ಕೊಡ್ತೀನಿ, ಹೇಗೆ ಹರಿದಿದ್ರೂ ಸರಿ. ಒಮ್ಮೆ ಮಡಚಿ, ಆ ಮಡಿಕೆಯ ಅಂಚು ಅದರ ಮೇಲೇ ಬರೋ ಹಾಗೆ ಇನ್ನೊಮ್ಮೆ ಮಡಚಿದರೆ ಲಂಬಕೋನ ರೆಡಿ. ಅದನ್ನ ಹಿಡ್ಕೊಂಡು ಕಿಟಕಿ, ಬೆಂಚು, ಸ್ಲೇಟು ಎಲ್ಲಾ ಪರೀಕ್ಷೆ ಮಾಡ್ತಾರೆ. ಅಳೆಯೋ ಮೊದಲು ಕೇಳಿ: ಇದು ನಿನ್ನ ಕಾಗದಕ್ಕಿಂತ ಕಮ್ಮಿಯೋ ಜಾಸ್ತಿಯೋ? ಕಮ್ಮಿ ಅಂದವನು 140 ಅಂತ ಬರೆಯೋಕೆ ತಾನೇ ಹಿಂಜರೀತಾನೆ.

ಮೇಸ್ತ್ರಿ ಮಗ, ಕೆಂಗೇರಿ:
ನಮ್ಮಪ್ಪ 30-40 ಸೈಟಿಗೆ ದಾರ ಕಟ್ಟಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡೀತಿದ್ರು. 50 ಅಡಿ ಬಂದ್ರೆ ಮೂಲೆ ಸರಿ. ಇಲ್ಲಾಂದ್ರೆ ಗೂಟ ಕೀಳು! ಅಂಗಳದಲ್ಲಿ 3, 4, 5 ಅಡಿ ಹಗ್ಗದಲ್ಲಿ ಮಾಡಿಸಬಹುದು.

ಶಿಕ್ಷಕಿ, ಬನಶಂಕರಿ:
ಕಾಗದ ಮಡಚಿಸಿದೆ, ಎಲ್ಲರ ಜೇಬಲ್ಲೂ ಒಂದೊಂದಿದೆ ಈಗ. ಮೂರು ಗಂಟೆಗೆ ಗಡಿಯಾರದ ಮುಳ್ಳಿಗೆ ಹಿಡಿದು ಲಂಬಕೋನ ಅಂತ ಕುಣಿದರು. ಮೂರೂವರೆಗೂ ಅದೇ ಇರುತ್ತೆ ಅಂತ ಹಿಡಿದರೆ ಕೋನ ಕಮ್ಮಿ ಬಂತು. ಗಡಿಯಾರ ಕೆಟ್ಟಿದೆ ಮಿಸ್ ಅಂದರು. ಕೊನೇ ಬೆಂಚಿನ ಹುಡುಗಿ ಮಾತ್ರ, "ಚಿಕ್ಕ ಮುಳ್ಳು ನಾಲ್ಕರ ಕಡೆ ಅರ್ಧ ಹೋಗಿದೆಯಲ್ಲಾ, 75 ಇರ್ಬೇಕು" ಅಂದಳು.