ಖಾಲಿ ತೋಟಾ, ಪ್ರೈಮರ್ ಅಮೆರಿಕದಿಂದ ಊರಿಗೆ ಕಳಿಸಬಹುದಾ?

ಪ್ರಶ್ನೆ: ಮೇಡಂ, ನಾನು ಟೆಕ್ಸಾಸ್‌ನಲ್ಲಿದ್ದೇನೆ. ಹಾರಿಸಿದ ತೋಟಾಗಳನ್ನು ಇಲ್ಲಿ ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತೇನೆ. ವಿರಾಜಪೇಟೆಯಲ್ಲಿರುವ ತಮ್ಮನ ಹತ್ತಿರ ಲೈಸೆನ್ಸ್ ಇರುವ .30-06 ರೈಫಲ್ ಇದೆ. ಅದರ ತೋಟಾ ಅಲ್ಲಿ ತುಂಬಾ ದುಬಾರಿಯಂತೆ. 200 ಖಾಲಿ ಹಿತ್ತಾಳೆ ತೋಟಾ, ಗುಂಡು, ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಒಂದು ಡಬ್ಬ ಮದ್ದು ಕಳಿಸೋಣ ಅಂತಿದ್ದೇನೆ. ಪಾರ್ಸೆಲ್ ಒಳ್ಳೆಯದಾ, ಸೂಟ್‌ಕೇಸಾ?

ಉತ್ತರ: ಎರಡೂ ಬೇಡ ಸರ್. ಅಪಾಯಕಾರಿ ಸರಕಿನ ಕಾಗದಪತ್ರ ನೋಡುವುದೇ ನನ್ನ ಕೆಲಸ. ಈ ಪ್ರಶ್ನೆ ಕೇಳುವವರೆಲ್ಲ ಖಾಲಿ ತೋಟಾ ಅಂದರೆ ಬರೀ ಲೋಹ ಅಂದುಕೊಂಡಿರುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ.

ಮೊದಲು ಅಮೆರಿಕದ ಕಡೆ. 2020ರ ಮಾರ್ಚ್‌ನಲ್ಲಿ ಇಂಥ ಸಾಮಾನೆಲ್ಲ ಅಲ್ಲಿನ ವಾಣಿಜ್ಯ ಇಲಾಖೆಯ ರಫ್ತು ಪಟ್ಟಿಗೆ ಬಂತು. 0ಎ505 ಅನ್ನುವ ಸಂಖ್ಯೆಯ ಕೆಳಗೆ ಪ್ರೈಮರ್, ಲೋಹದ ಖಾಲಿ ತೋಟಾ, ಗುಂಡು ಮೂರನ್ನೂ ಹೆಸರು ಹೇಳಿಯೇ ಸೇರಿಸಿದ್ದಾರೆ. ಭಾರತಕ್ಕೆ ಕಳಿಸಲು ಸಾಮಾನ್ಯವಾಗಿ ರಫ್ತು ಲೈಸೆನ್ಸ್ ಬೇಕು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಅನ್ನುವುದಕ್ಕೂ ಗಡಿ ದಾಟಿಸಬಹುದು ಅನ್ನುವುದಕ್ಕೂ ಸಂಬಂಧವಿಲ್ಲ.

ಮದ್ದು ಮತ್ತು ಪ್ರೈಮರ್ ಸ್ಫೋಟಕಗಳು. ಅಪಾಯಕಾರಿ ಸರಕಿನ ಸಾಗಣೆಗೆ ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳಲ್ಲಿ ಪ್ರೈಮರ್ ಯುಎನ್ 0044, ಹೊಗೆಯಿಲ್ಲದ ಮದ್ದು ಸಾಮಾನ್ಯವಾಗಿ ಯುಎನ್ 0161. ಅಮೆರಿಕದ ಅಂಚೆ ಇವನ್ನು ತೆಗೆದುಕೊಳ್ಳುವುದೇ ಇಲ್ಲ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಭಾರತಕ್ಕೆ ಸ್ಫೋಟಕ ಆಮದು ಮಾಡಬೇಕಾದರೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಲೈಸೆನ್ಸ್ ಕೊಡಬೇಕು.

ಇನ್ನು ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಅದರ 2ನೇ ಸೆಕ್ಷನ್‌ನಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗಗಳೂ ಸೇರಿವೆ, ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ಅಂದರೆ ಖಾಲಿ ತೋಟಾ ಮಾತ್ರ ಅಲ್ಲ, ನಿಮ್ಮ ಮೇಜಿನ ಮೇಲಿರುವ ರಿಲೋಡಿಂಗ್ ಪ್ರೆಸ್ ಕೂಡ ಅದೇ ಸಾಲಿಗೆ ಬರುತ್ತದೆ. 10ನೇ ಸೆಕ್ಷನ್ ಪ್ರಕಾರ ಹೊರದೇಶದಿಂದ ತರಲು ಲೈಸೆನ್ಸ್ ಬೇಕು. ಮದ್ದುಗುಂಡು ತಯಾರಿಸುವುದಕ್ಕೆ 5ನೇ ಸೆಕ್ಷನ್ ಬೇರೆ ಲೈಸೆನ್ಸ್ ಕೇಳುತ್ತದೆ. ತಮ್ಮನ ಬಳಿ ಇರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ತಾನೇ? ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. ನೀವು ಪ್ರೀತಿಯಿಂದ ಕಳಿಸಿದ ಡಬ್ಬ ತಮ್ಮನ ತಲೆಗೇ ಬರುತ್ತದೆ.

ಪ್ರಶ್ನೆ (ಮಡಿಕೇರಿಯಿಂದ ಇನ್ನೊಬ್ಬರು): ಜಮ್ಮಾ (ವಂಶಪಾರಂಪರ್ಯ) ಜಮೀನಿನ ಕೊಡಗಿನವರಾದ ನಮಗೆ ಕೋವಿ ವಿನಾಯಿತಿ ಇದೆಯಲ್ಲ ಅಕ್ಕ? ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಸ್ವಲ್ಪ ತರಿಸಿದರೆ?

ಉತ್ತರ: ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ. ಆದರೆ ಅದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. ಪಾರ್ಸೆಲ್ ತರಿಸುವುದಕ್ಕೆ ಅಲ್ಲ. 10ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಬಾಗಿಲು ಉಂಟು. ಮದ್ದುಗುಂಡು ಹೊಂದುವ ಹಕ್ಕಿರುವವರು ಸ್ವಂತ ಬಳಕೆಗೆ ಮಿತವಾಗಿ ತಾವೇ ತರಬಹುದು. ಮಿತ ಎಷ್ಟು ಅಂತ ಕಸ್ಟಮ್ಸ್ ಕಮಿಷನರ್‌ಗೆ ಅನುಮಾನ ಬಂದರೆ, ಕೇಂದ್ರ ಸರ್ಕಾರದ ಆದೇಶ ಬರುವ ತನಕ ತಡೆಹಿಡಿಯಬಹುದು. ಅಣ್ಣ ಕಳಿಸಿದ ಪಾರ್ಸೆಲ್‌ಗೆ ಈ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ (ಮೊದಲನೆಯವರು): ಬ್ಯಾಗೇಜ್ ನಿಯಮದಲ್ಲಿ 50 ತೋಟಾ ಅಂತ ಓದಿದ್ದೆ. ಪೆಟ್ಟಿಗೆ ಮೇಲೆ ಸುಮ್ನೆ ಹಿತ್ತಾಳೆ ಸಾಮಾನು ಅಂತ ಬರೆದರೆ?

ಉತ್ತರ: ಬ್ಯಾಗೇಜ್ ನಿಯಮದ ಆ 50 ಸುಂಕದ ರಿಯಾಯಿತಿಯ ಲೆಕ್ಕ ಸರ್, ತರುವ ಅನುಮತಿ ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಸುಳ್ಳು ಬರೆಯುವ ಯೋಚನೆಯಂತೂ ಬಿಟ್ಟುಬಿಡಿ. ಹಳೇ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಗೊತ್ತಿಲ್ಲದೆ ಉಳಿದಿತ್ತು ಅಂದವರ ಎಷ್ಟೋ ಕೇಸುಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿವೆ. ಅರಿವಿದ್ದೂ ಇಟ್ಟುಕೊಂಡದ್ದಲ್ಲ ಅನ್ನುವುದೇ ಅಲ್ಲಿ ಮುಖ್ಯ. ನೀವೇ ಎಣಿಸಿ, ಪ್ಯಾಕ್ ಮಾಡಿ, ಬೇರೆ ಹೆಸರು ಬರೆದ ಮೇಲೆ ಆ ಮಾತು ಹೇಳಲು ಆಗುತ್ತಾ?

ತಮ್ಮ ತನ್ನ ಲೈಸೆನ್ಸ್ ಹಿಡಿದು ಅಲ್ಲಿನ ಅಧಿಕೃತ ಡೀಲರ್ ಹತ್ತಿರ ತುಂಬಿದ ತೋಟಾನೇ ಕೊಳ್ಳಲಿ. ಮನೆಯಲ್ಲಿ ತುಂಬಿಕೊಳ್ಳುವ ಆಸೆ ಇದ್ದರೆ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಬರೆದು ಕೇಳಲಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಲಿ. ದುಬಾರಿ ಅನ್ನುವ ಬೇಜಾರಿದ್ದರೆ ನೀವು ದುಡ್ಡು ಕಳಿಸಿ ಸರ್.